ಕಾಗದ ಬರೆಯದವರ ಟೀಕೆ

ಗಾಳಿಯ ಅಲೆಗಳು ಸಾರ್ವಜನಿಕ ಆಸ್ತಿ ಅಂತ ಸುಪ್ರೀಂ ಕೋರ್ಟು 1995ರಲ್ಲಿ ಹೇಳಿತು. ಸಾರ್ವಜನಿಕ ಅನ್ನೋ ಮಾತು ನಮಗೆ ಹೊಸದಲ್ಲ. ಮಹಾಡದ ಚೌದಾರ್ ಕೆರೆಯೂ ಸಾರ್ವಜನಿಕವೇ ಆಗಿತ್ತು. ಆದರೂ ಅದರ ನೀರು ಮುಟ್ಟೋದಕ್ಕೆ ಬಾಬಾಸಾಹೇಬರು 1927ರಲ್ಲಿ ಸಾವಿರಾರು ಜನರೊಂದಿಗೆ ನಡೆದು ಹೋಗಬೇಕಾಯಿತು. ರೇಡಿಯೋ ಕೂಡ ಹಾಗೇ. 2008ರಲ್ಲಿ ಆಗಿನ ಮೇದಕ್ ಜಿಲ್ಲೆಯ ಮಾಚನೂರಿನಲ್ಲಿ ದಲಿತ ಹೆಂಗಸರು ಸಂಘಂ ರೇಡಿಯೋ ಶುರುಮಾಡಿ ಆ ನೀರನ್ನೂ ಮುಟ್ಟಿದರು.

ನಮ್ಮ ಕಡೆಯ ಒಂದು ಸಮುದಾಯ ರೇಡಿಯೋದಲ್ಲೂ ಕೂಲಿ ಹೆಂಗಸರ ಹೊಸ ಕಾರ್ಯಕ್ರಮವೊಂದು ಶುರುವಾಯ್ತು. ಬಂದ ಕಾಗದಗಳನ್ನ ಅವರಿಗೆ ಓದಿ ಹೇಳೋ ಕೆಲಸ ಮೇಷ್ಟರಾದ ನನ್ನದು. ಒಂದು ಕಾಗದದಲ್ಲಿ ಹೀಗಿತ್ತು: 'ನಿಮ್ಮ ಭಾಷೆ ಅಶುದ್ಧ, ಮಕ್ಕಳು ಕೆಡುತ್ತಾರೆ. ಜೊತೆಗೆ ಇಬ್ಬರು ಮೂವರು ಒಟ್ಟಿಗೇ ಮಾತಾಡುತ್ತೀರಿ, ಏನೂ ತಿಳಿಯುವುದಿಲ್ಲ.'

ಹುಡುಗರು ಸಿಟ್ಟಾದರು. "ಇದು ಜಾತಿ ಕೊಬ್ಬು, ಹರಿದು ಬಿಸಾಕಿ ಸಾ" ಅಂದರು. ಕಾರ್ಯಕ್ರಮ ನಡೆಸೋ ಹಿರಿಯಾಕೆ ತಡೆದರು.

"ಹರೀಬ್ಯಾಡ್ರಪ್ಪ. ಅದ್ರಲ್ಲಿ ಎಲ್ಡು ಮಾತವೆ. ಮೊದಲ್ನೇದು ನಮ್ ಬಾಯ್ನೇ ಮುಚ್ಚು ಅಂತದೆ, ಅದ್ಕೆ ಉತ್ರ ಕೊಡಾನ. ಎಲ್ಡನೇದು ಒಬ್ರಾದ್ಮೇಲೆ ಒಬ್ರು ಮಾತಾಡಿ ಅಂತದೆ. ಅದು ನಿಜವೇ ಅಲ್ವಾ?"

ಮುಂದಿನ ವಾರ ಆ ಕಾಗದವನ್ನ ಒಂದಕ್ಷರ ಬಿಡದೆ ಗಾಳಿಗೆ ಬಿಟ್ಟರು. ಗೇಲಿ ಮಾಡಲಿಲ್ಲ. 'ಇದು ನಮ್ಮವ್ವ ಕಲಿಸಿದ ಭಾಷೆ, ಬಿಡಾಕಿಲ್ಲ' ಅಂದರು. ಅವತ್ತಿಂದ ಒಬ್ಬೊಬ್ಬರಾಗಿ ಮಾತಾಡಿದರು.

ಟೀಕೆಯನ್ನ ನ್ಯಾಯವಾಗಿ ನೋಡೋದು ಅಂದರೆ ಇದೇ ಅಂತ ನನಗನ್ನಿಸುತ್ತೆ. ಬರೆದವನ ಜಾತಿ ನೋಡಿ ಕಾಗದ ಅಳೆಯೋದಾದರೆ, ನಮ್ಮನ್ನ ಹುಟ್ಟಿನಿಂದ ಅಳೆದವರಿಗೂ ನಮಗೂ ಏನು ವ್ಯತ್ಯಾಸ? ಹಾಗಂತ ಅವಮಾನವನ್ನೆಲ್ಲ ಸಲಹೆ ಅಂತ ತಲೆ ಮೇಲೆ ಹೊರಬೇಕಾಗಿಯೂ ಇಲ್ಲ.

ಇನ್ನೊಂದು ಮಾತು. ಕಾಗದ ಬರೆಯೋದಕ್ಕೆ ಅಕ್ಷರ ಬೇಕು, ಬಿಡುವು ಬೇಕು, ನನ್ನ ಮಾತಿಗೆ ಬೆಲೆಯಿದೆ ಅನ್ನೋ ಧೈರ್ಯ ಬೇಕು. ಇವು ಇಲ್ಲದವರೂ ಟೀಕೆ ಮಾಡ್ತಾರೆ, ಮುಳ್ಳು ತಿರುಗಿಸಿ. 1952ರಲ್ಲಿ ಮಂತ್ರಿಯಾದ ಕೇಸ್ಕರ್ ಆಕಾಶವಾಣಿಯಲ್ಲಿ ಸಿನಿಮಾ ಹಾಡಿಗೆ ಕಡಿವಾಣ ಹಾಕಿದಾಗ ಜನ ಸುಮ್ಮನೆ ಸಿಲೋನ್ ಹಿಡಿದರು. ಕೊನೆಗೆ 1957ರಲ್ಲಿ ಸರ್ಕಾರವೇ ವಿವಿಧಭಾರತಿ ಶುರುಮಾಡಬೇಕಾಯಿತು.

ನಮ್ಮ ಹೆಂಗಸರು ಅಷ್ಟು ದಿನ ಕಾಯಲಿಲ್ಲ. ಕೇರಿಯ ಜಗಲಿ ಜಗಲಿಗೂ ಹೋಗಿ ಕೇಳಿದರು. "ನೀವ್ ಮಾತಾಡೋ ಹೊತ್ಗೆ ನಾವು ಒಲೆ ಮುಂದಿರ್ತೀವಿ ಕನಕ್ಕ" ಅಂದರು ಕೆಲವರು. "ಬರೀ ಗೋಳೇ ಹೇಳ್ತೀರಿ, ನಮಗೆ ನಗು ಇಲ್ವಾ?" ಅಂದಳು ಒಬ್ಬ ಮುದುಕಿ. ಕಾರ್ಯಕ್ರಮ ರಾತ್ರಿ ಊಟದ ಹೊತ್ತಿಗೆ ಬಂತು. ಮುದುಕಿಯ ಒಗಟುಗಳೂ ಬಂದವು.

ಮೇಷ್ಟರುಗಳೇ, ವಿದ್ಯಾರ್ಥಿ ಗೆಳೆಯರೇ, ನಿಮ್ಮೂರ ರೇಡಿಯೋಗೆ ಬಂದ ಕಾಗದ ಓದಿ ಕೊಡಿ. ಓದಿ ಮುಗಿಸಿದ ಮೇಲೆ ಕೇರಿಗೂ ಒಂದು ಸಲ ಹೋಗಿ ಬನ್ನಿ.