ಒಂದಾಳಿನ ಅಳತೆ

ಜಿಪ್ಪು ಕಿತ್ತುಹೋದ ಟೆಂಟನ್ನು ಬಗಲಿಗೇರಿಸಿಕೊಂಡು ನಮ್ಮ ಬೀದಿಯ ಟೈಲರ್ ಅಂಗಡಿಗೆ ಹೋಗಿದ್ದೆ. ಅವರು ಮಡಿಕೆ ಬಿಚ್ಚಿದರು, ಬಟ್ಟೆಯನ್ನು ಬೆರಳ ನಡುವೆ ತಿಕ್ಕಿ ನೋಡಿದರು, ಕನ್ನಡಕ ಮೂಗಿನ ತುದಿಗೆ ಜಾರಿಸಿ ಹೊಲಿಗೆ ಪರೀಕ್ಷಿಸಿದರು. ಕೊನೆಗೆ, “ಇದು ಯಾರ ಅಳತೆಗೆ ಹೊಲಿದದ್ದು ಸಾರ್?” ಎಂದರು. ಅವರಿಗದು ಬರೀ ತಮಾಷೆ. ನನಗೆ ಥಾಮಸ್ ಹೈರಮ್ ಹೋಲ್ಡಿಂಗ್ ನೆನಪಾದ.

ಸೈಕಲ್ಲಿಗೆ ಗುಡಾರ ಕಟ್ಟಿಕೊಂಡು ಊರೂರು ಅಲೆಯುವ ಹುಚ್ಚಿಗೆ ಶಿಸ್ತು ಕಲಿಸಿದವನು ಈ ಹೋಲ್ಡಿಂಗ್. ಕಸುಬಿನಲ್ಲಿ ಲಂಡನ್ನಿನ ದರ್ಜಿ. ಅವನಿಗಿಂತ ಮೊದಲೇ ಸೈಕಲ್ಲಿನಲ್ಲಿ ಲೋಕ ಸುತ್ತಿದವರಿಲ್ಲವೆಂದಲ್ಲ. ಥಾಮಸ್ ಸ್ಟೀವನ್ಸ್ 1884ರಲ್ಲಿ ದೈತ್ಯ ಮುಂಚಕ್ರದ ಗಾಡಿ ಹತ್ತಿ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟವನು, 1886ರಲ್ಲಿ ನಮ್ಮ ಗ್ರ್ಯಾಂಡ್ ಟ್ರಂಕ್ ರಸ್ತೆಯನ್ನೂ ಲಾಹೋರಿನಿಂದ ಕಲ್ಕತ್ತೆಯವರೆಗೆ ತುಳಿದು, ಆ ವರ್ಷದ ಕೊನೆಗೆ ಯೋಕೋಹಾಮಾ ಮುಟ್ಟಿದ. ಡನ್‌ಲಪ್ ಗಾಳಿ ಟೈರು ಬಂದದ್ದು 1888ರಲ್ಲಿ. ಅಂದರೆ ಅಷ್ಟು ದೂರವೂ ಗಟ್ಟಿ ರಬ್ಬರಿನ ಮೇಲೆ. ಹೊರಡುವಾಗ ಅವನ ಗಂಟಿನಲ್ಲಿದ್ದ ಮಳೆಯಂಗಿಯೇ ಗುಡಾರವೂ ಆಗಬೇಕಿತ್ತು. ಅಂಥ ಗುಡಾರ ಹೋಲ್ಡಿಂಗನ ಕಣ್ಣಿಗೆ ಬಿದ್ದಿದ್ದರೆ ಕತ್ತರಿ ಕೈಗೆತ್ತಿಕೊಳ್ಳುತ್ತಿದ್ದ.

ಹೋಲ್ಡಿಂಗನಿಗೆ ಈ ಗೀಳು ಹತ್ತಿದ್ದು 1853ರಲ್ಲಿ. ಒಂಬತ್ತರ ಹುಡುಗ, ಅಪ್ಪ ಅಮ್ಮನ ಜೊತೆ ಅಮೆರಿಕದ ಹುಲ್ಲುಗಾವಲುಗಳನ್ನು ಗಾಡಿಗಳ ಸಾಲಿನಲ್ಲಿ ದಾಟಿದ್ದ. ಅಂಥ ಪ್ರಯಾಣದಲ್ಲಿ ಎತ್ತು ಎಳೆಯುತ್ತದೆ, ಹೇರಿನ ಚಿಂತೆ ಎತ್ತಿಗೆ. ಬೆಳೆದು ದರ್ಜಿಯಾಗಿ ಸೈಕಲ್ ಹತ್ತಿದಾಗ ಎತ್ತು ತಾನೇ ಎಂದು ತಿಳಿಯಿತು. ಅಲ್ಲಿಂದ ಅವನು ತೂಕದ ಹಿಂದೆ ಬಿದ್ದ. ಭಾರದ ಕ್ಯಾನ್ವಾಸ್ ಬಿಟ್ಟು ರೇಷ್ಮೆ ಹಿಡಿದ; ಮರದ ಕಂಬದ ಬದಲು ಬಿದಿರು. ನನಗಂತೂ ಅನ್ನಿಸುವುದು ಇಷ್ಟು: ಉಳಿದವರು ಗುಡಾರವನ್ನು ಸಣ್ಣ ಮನೆ ಎಂದುಕೊಂಡರು, ಇವನು ಅದನ್ನು ದೊಡ್ಡ ಅಂಗಿ ಎಂದುಕೊಂಡ. ಮಲಗಿದ ಮನುಷ್ಯನ ಅಳತೆ ತೆಗೆದು, ಉಸಿರಾಡುವಷ್ಟು ಸಡಿಲ ಬಿಟ್ಟು, ರಾತ್ರಿಗೊಂದು ಅಂಗಿ ಹೊಲಿದ.

1897ರಲ್ಲಿ ಸಂಗಡಿಗರೊಂದಿಗೆ ಐರ್ಲೆಂಡಿನ ಕೊನೆಮಾರಾ ಸುತ್ತಿ ಬಂದು ಮರುವರ್ಷ ಪುಸ್ತಕ ಬರೆದ. ಅದನ್ನೋದಿ ತಲೆ ಕೆಟ್ಟವರೆಲ್ಲ ಸೇರಿ 1901ರಲ್ಲಿ ವಾಂಟೇಜ್ ಎಂಬ ಊರಿನ ಬಳಿ ಸೈಕಲ್ ಶಿಬಿರಿಗರ ಸಂಘ ಕಟ್ಟಿದರು. ಒಟ್ಟು ಹದಿಮೂರು ಜನ. ಆ ಸಂಘವೇ ಬೆಳೆದು ಇವತ್ತು ‘ಕ್ಯಾಂಪಿಂಗ್ ಅಂಡ್ ಕ್ಯಾರವ್ಯಾನಿಂಗ್ ಕ್ಲಬ್’ ಆಗಿದೆ. ಔನ್ಸ್ ಔನ್ಸ್ ಲೆಕ್ಕ ಹಾಕಿದವನ ಮಕ್ಕಳು ಮಂಚ, ಒಲೆ, ಸಿಂಕು ಸಮೇತ ಮನೆಯನ್ನೇ ಕಾರಿನ ಹಿಂದೆ ಕಟ್ಟಿಕೊಂಡು ಹೊರಡುತ್ತಾರೆ. ಇರಲಿ, ಪೀಳಿಗೆ ಎಂದಮೇಲೆ ಹಾಗೇ.

ಈ ಪುರಾಣವನ್ನೆಲ್ಲ ತಲೆಯಲ್ಲಿ ತುಂಬಿಕೊಂಡೇ ನಾನು ಒಂದು ಡಿಸೆಂಬರಿನ ಬೆಳಿಗ್ಗೆ ಶಿವಮೊಗ್ಗದಿಂದ ಆಗುಂಬೆಯ ಕಡೆಗೆ ಒಬ್ಬನೇ ಹೊರಟಿದ್ದೆ. ಹಲ್ಲುಜ್ಜುವ ಬ್ರಷ್ಷಿನ ಹಿಡಿಕೆಯನ್ನು ಅರ್ಧಕ್ಕೆ ಕತ್ತರಿಸಿದ್ದೆ. ಎರಡನೆಯ ಟವೆಲನ್ನು ಚೀಲದಿಂದ ತೆಗೆದು, ಹಾಕಿ, ಮತ್ತೆ ತೆಗೆದಿದ್ದೆ. ಗಾಜನೂರು, ಸಕ್ರೆಬೈಲು ದಾಟುವವರೆಗೆ ಬಿಸಿಲಿಗೆ ಚುರುಕಿರಲಿಲ್ಲ. ಎಡಬಲದಲ್ಲಿ ಕಾಡು, ನಡುನಡುವೆ ತುಂಗೆ. ಮಂಡಗದ್ದೆಯಲ್ಲಿ ಚಹಾಕ್ಕೆ ನಿಂತಾಗ ಬೆಂಚಿನ ಮೇಲಿದ್ದವರೊಬ್ಬರು ಸೈಕಲ್ಲನ್ನು ಹಿಂದೆ ಮುಂದೆ ನೋಡಿ, “ಒಬ್ರೇನಾ?” ಎಂದರು.

ಒಬ್ಬನೇ ಹೊರಟವನಿಗೆ ದಿನವಿಡೀ ಸಿಗುವ ಪ್ರಶ್ನೆ ಇದೊಂದೇ. ತೀರ್ಥಹಳ್ಳಿಯ ಊಟದ ಹೋಟೆಲಿನಲ್ಲಿ ಬಡಿಸುವವರು ಕೇಳಿದರು, ಪಕ್ಕದಲ್ಲಿ ಬೈಕು ನಿಧಾನ ಮಾಡಿದ ಹುಡುಗರು ಕೇಳಿದರು, ಸೊಪ್ಪಿನ ಹೊರೆ ಇಳಿಸಿ ದಣಿವಾರಿಸಿಕೊಳ್ಳುತ್ತಿದ್ದ ಹೆಂಗಸು ಕೇಳಿ, “ಪಾಪ, ಬಸ್ ಸಿಗ್ಲಿಲ್ವಾ?” ಎಂದೂ ಸೇರಿಸಿದರು. ಹೀಗೆ ಎಲ್ಲರಿಗೂ ಉತ್ತರ ಕೊಡುತ್ತಾ ಹೋದರೆ ಒಂಟಿಯಾಗಿರಲು ಪುರುಸೊತ್ತೆಲ್ಲಿ?

ಸಂಜೆಗೆ ಮೇಗರವಳ್ಳಿ ದಾಟಿದ್ದೆ. ಆಗುಂಬೆಯ ಸೂರ್ಯಾಸ್ತ ತಪ್ಪೀತೆಂದು ಕಾರುಗಳು ಒಂದರ ಹಿಂದೊಂದು ಹಾರಿಹೋಗುತ್ತಿದ್ದವು. ಸೈಕಲ್ಲಿನವನಿಗೆ ಆ ಹೊತ್ತಿನಲ್ಲಿ ಸೂರ್ಯ ಬೇಡ, ಆರಡಿ ಸಮತಟ್ಟು ನೆಲ ಬೇಕು. ಕಾಡಿನಲ್ಲಿ ತಂಗುವಂತಿಲ್ಲ. ರಸ್ತೆ ಬದಿಯ ಒಂದು ಮನೆಯೆದುರು ನಿಂತು, ಅಂಗಳದ ಮೂಲೆಯಲ್ಲಿ ಟೆಂಟ್ ಹಾಕಿಕೊಳ್ಳಲೇ ಎಂದು ಕೇಳಿದೆ.

ಅಡಿಕೆಯ ಕಾಲ. ಹಂಡೆಯಲ್ಲಿ ಅಡಿಕೆ ಬೇಯುತ್ತಿತ್ತು. ಚೊಗರಿನ ವಾಸನೆ ಗೇಟಿನವರೆಗೂ ಬಂದಿತ್ತು. ಅಂಗಳದಲ್ಲಿ ಮೂಲೆಯೇ ಖಾಲಿ ಇರಲಿಲ್ಲ. ಇದ್ದ ತುಸು ಜಾಗದಲ್ಲಿ ಗೂಟ ಹೊಡೆಯಲು ನೋಡಿದರೆ, ವರ್ಷಗಟ್ಟಲೆ ಪೆಟ್ಟುಹಾಕಿ ಸಗಣಿ ಸಾರಿಸಿದ ನೆಲ ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಮನೆಯ ಅಜ್ಜ ಜಗಲಿಯಿಂದಲೇ ನೋಡುತ್ತಿದ್ದವರು, “ಇಷ್ಟು ದೊಡ್ಡ ಜಗಲಿ ಇಟ್ಕೊಂಡು ನಿಮ್ಮನ್ನ ಬಟ್ಟೆ ಒಳಗೆ ಮಲಗ್ಸಿದ್ರೆ ಊರೋರು ಏನಂತಾರೆ ಮಾರಾಯ್ರೆ!” ಎಂದರು. ಅವರ ದನಿಯಲ್ಲಿ ಉಪಚಾರಕ್ಕಿಂತ ಮರ್ಯಾದೆಯ ಪ್ರಶ್ನೆ ಹೆಚ್ಚಿತ್ತು.

ಹೋಲ್ಡಿಂಗನ ಲೆಕ್ಕ ತಪ್ಪುವುದು ಇಲ್ಲಿ. ತಂಗುವ ಮನೆಯವರ ಹಂಗಿಲ್ಲದಿರಲಿ ಎಂದು ಅವನು ರೇಷ್ಮೆ ಕತ್ತರಿಸಿದ. ಅವನ ಗುಡಾರ ಮಲಗುವವರ ಅಳತೆಗೆಂದರೆ ಅಳತೆಗೇ. ಮಲೆನಾಡಿನ ಜಗಲಿ ಕಟ್ಟಿದವರು ಯಾರ ಅಳತೆಯನ್ನೂ ತೆಗೆದವರಲ್ಲ. ಬರುವವರು ಎಷ್ಟು ಮಂದಿಯೋ ತಿಳಿಯದೆಯೇ ಕಟ್ಟಿದ್ದು. ಅಲ್ಲಿ ಟೆಂಟ್ ಬಿಚ್ಚುವುದೆಂದರೆ ಮನೆಯವರನ್ನು ಮುಖಕ್ಕೆ ಹೊಡೆದಂತೆ ನಿರಾಕರಿಸುವುದು.

ಟೆಂಟ್ ಅಂತೂ ಆ ರಾತ್ರಿ ನಿಂತಿತು, ಜಗಲಿಯ ತುದಿಯಲ್ಲಿ, ಗೂಟವಿಲ್ಲದೆ. ಒಳಗೆ ಸೇರಿದ್ದು ಮನೆಯ ಮಕ್ಕಳು. “ಮಾವ, ಮಳೆ ಬಂದ್ರೆ?” ಎಂದು ಹೆಂಚಿನ ಸೂರಿನ ಕೆಳಗೆ ಮಲಗಿ ಕೇಳಿದರು. ನಾನು ಚಾಪೆಯ ಮೇಲೆ. ಈಚೆ ಬಲ್ಬಿನ ಕೆಳಗೆ ಏಳೆಂಟು ಮಂದಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದರು. ಯಾರದೋ ಮದುವೆ ಮುರಿದ ಕಥೆ ನಡೆದಿತ್ತು; ನಿದ್ದೆ ತಡೆದುಕೊಂಡರೂ ಹುಡುಗನ ಕಡೆಯವರ ತಪ್ಪೇನೆಂದು ಗೊತ್ತಾಗುವಷ್ಟರಲ್ಲಿ ಕಣ್ಣು ಮುಚ್ಚಿಹೋಯಿತು.

ಬೆಳಿಗ್ಗೆ ಹೊರಡುವಾಗ ಮನೆಯ ಅಮ್ಮ ಒಂದು ಭರಣಿ ಅಪ್ಪೆಮಿಡಿ ಉಪ್ಪಿನಕಾಯಿ ತಂದು ಕೈಗಿತ್ತರು. ಬೇಡವೆಂದೆ, ಸೈಕಲ್ ತೋರಿಸಿದೆ, ತೂಕ ಎಂದೆ. “ಇದೆಂಥ ತೂಕ, ಇನ್ನು ಇಳಿಜಾರೇ ಅಲ್ವಾ!” ಎಂದು ಅವರೇ ಟವೆಲಿನಲ್ಲಿ ಸುತ್ತಿ ಕ್ಯಾರಿಯರಿಗೆ ಬಿಗಿದರು. ಬ್ರಷ್ಷಿನ ಹಿಡಿಕೆ ಕತ್ತರಿಸಿ ಉಳಿಸಿದ ಅಷ್ಟೂ ತೂಕ, ಬಡ್ಡಿ ಸಮೇತ, ಉಪ್ಪಿನಲ್ಲಿ ನೆನೆದು ವಾಪಸಾಯಿತು. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ಎರಡೂ ಬ್ರೇಕು ಹಿಡಿದೇ ಇಳಿದೆ. ಭಯ ಕಣಿವೆಯದಲ್ಲ, ಭರಣಿಯದು.