ಟಿವಿಯ ಬೆನ್ನ ಹಿಂದೆ

ನಿಮ್ಮ ಮನೆಯ ಟಿವಿಯ ಮುಖವನ್ನು ನೀವು ದಿನವೂ ನೋಡುತ್ತೀರಿ. ಅದರ ಬೆನ್ನನ್ನು ಕೊನೆಯ ಸಲ ನೋಡಿದ್ದು ಯಾವಾಗ? ತಿಂಗಳ ಮೊದಲ ಶುಕ್ರವಾರ ಅಸ್ವಸ್ಥರಿಗೆ ಪರಮಪ್ರಸಾದ ನೀಡಲು ಮನೆಯಿಂದ ಮನೆಗೆ ಹೋಗುವ ನನಗೆ ಈ ಬೆನ್ನಿನ ದರ್ಶನ ಆಗಾಗ ಆಗುತ್ತಿರುತ್ತದೆ. ಪ್ರಾರ್ಥನೆ ಮುಗಿದು ಕಾಫಿ ಬರುವ ಹೊತ್ತಿಗೆ, "ಸ್ವಾಮೀ, ಒಂಚೂರು ಈ ಟಿವಿ ನೋಡ್ತೀರಾ? ಚಿತ್ರವೇ ಬರ್ತಿಲ್ಲ" ಎಂಬ ಕೋರಿಕೆಯೂ ಬರುತ್ತದೆ. ದೇವಶಾಸ್ತ್ರ ಓದಿದವರಿಗೆ ತಂತಿಗಳ ಶಾಸ್ತ್ರವೂ ತಿಳಿದಿರಬೇಕೆಂಬ ನಂಬಿಕೆ ನಮ್ಮ ಜನರಲ್ಲಿದೆ. ಅದನ್ನು ಹುಸಿ ಮಾಡಲು ಮನಸ್ಸಾಗದೆ ನಾನೂ ಒಂದಿಷ್ಟು ಕಲಿತುಕೊಂಡಿದ್ದೇನೆ. ನಾನು ಕಂಡಂತೆ ಬಹುಪಾಲು ಮನೆಗಳಲ್ಲಿ ಟಿವಿಯೂ ಕೆಟ್ಟಿರುವುದಿಲ್ಲ, ಸೆಟ್‌ಟಾಪ್ ಬಾಕ್ಸೂ ಕೆಟ್ಟಿರುವುದಿಲ್ಲ. ಅವೆರಡನ್ನೂ ಕೂಡಿಸುವ ಕೇಬಲ್ಲಿನ ತುದಿಯು ಒಂದೆರಡು ಮಿಲಿಮೀಟರಿನಷ್ಟು ಹೊರಕ್ಕೆ ಜಾರಿರುತ್ತದೆ, ಅಷ್ಟೆ.

ನಾನು ಗುರುಮಠ ಸೇರಿದ ಕಾಲಕ್ಕೆ, ಅಂದರೆ 1980ರ ದಶಕದ ಕೊನೆಯಲ್ಲಿ, ಟಿವಿಯ ಬೆನ್ನು ಬಹಳ ಸರಳವಾಗಿತ್ತು. ಬೆಂಗಳೂರಿನ ದೂರದರ್ಶನ ಕೇಂದ್ರ 1981ರಲ್ಲಿ ಆರಂಭವಾಗಿತ್ತು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದೊಡನೆ ಬಣ್ಣವೂ ಬಂದಿತ್ತು. ಮಾಳಿಗೆಯ ಮೇಲಿನ ಆಂಟೆನಾದಿಂದ ಇಳಿದು ಬರುತ್ತಿದ್ದ ಚಪ್ಪಟೆ ತಂತಿಯ ಎರಡು ಎಳೆಗಳನ್ನು ಹಿಂಬದಿಯ ಎರಡು ತಿರುಪುಗಳಿಗೆ ಸುತ್ತಿ ಬಿಗಿದರೆ ಕೆಲಸ ಮುಗಿಯುತ್ತಿತ್ತು. ಅದು ಸಡಿಲಾದರೂ ಚಿತ್ರ ಒಮ್ಮೆಲೇ ಹೋಗುತ್ತಿರಲಿಲ್ಲ. ಮೊದಲು ಮಸುಕಾಗುತ್ತಿತ್ತು, ಆಮೇಲೆ ಬಣ್ಣ ಆರುತ್ತಿತ್ತು, ಕೊನೆಗೆ ಪರದೆಯ ತುಂಬ ಚುಕ್ಕೆಗಳ ಮಳೆ. ನೋಡುವವರಿಗೆ ಎಚ್ಚರಿಕೆ ಸಿಗುತ್ತಿತ್ತು. ಬಳಿಕ ಡಿವಿಡಿಗಳ ಕಾಲದಲ್ಲಿ ಹಳದಿ, ಕೆಂಪು, ಬಿಳಿ ತುದಿಗಳ ಮೂರು ತಂತಿಗಳು ಬಂದವು. ತಪಸ್ಸುಕಾಲದಲ್ಲಿ ಧರ್ಮಕೇಂದ್ರದ ಸಭಾಂಗಣದಲ್ಲಿ ಚಲನಚಿತ್ರ ತೋರಿಸುವಾಗ ಹಳದಿ ಕಳಚಿದರೆ ಚಿತ್ರ ಮಾಯವಾಗಿ ಮಾತು ಮಾತ್ರ ಕೇಳುತ್ತಿತ್ತು. ಯಾವುದು ಕಳಚಿದೆಯೆಂದು ಮಕ್ಕಳೂ ಹೇಳುತ್ತಿದ್ದರು.

ಈಗಿನದು ಎಚ್‌ಡಿಎಂಐ. ಹಿಟಾಚಿ, ಸೋನಿ, ಫಿಲಿಪ್ಸ್, ತೋಶಿಬಾ ಮೊದಲಾದ ಏಳು ಕಂಪನಿಗಳು ಕೂಡಿ 2002ರ ಡಿಸೆಂಬರಿನಲ್ಲಿ ಇದರ ಮೊದಲ ಮಾನಕವನ್ನು ಪ್ರಕಟಿಸಿದವು. ನಮ್ಮಲ್ಲಿ ಬೆಂಗಳೂರು, ಮೈಸೂರುಗಳಲ್ಲಿ 2013ರಲ್ಲಿ, ಹಳ್ಳಿಗಳಲ್ಲಿ 2017ರ ವೇಳೆಗೆ ಕೇಬಲ್ ಪ್ರಸಾರ ಡಿಜಿಟಲ್ ಆಗಿ ಮನೆಮನೆಗೆ ಸೆಟ್‌ಟಾಪ್ ಬಾಕ್ಸ್ ಬಂತು. ಅದರ ಬೆನ್ನಿಗೇ ಈ ಚಪ್ಪಟೆ ಮೂತಿಯ ಕೇಬಲ್ಲೂ ಮನೆ ಸೇರಿತು. ಒಂದೂವರೆ ಸೆಂಟಿಮೀಟರ್ ಅಗಲವೂ ಇಲ್ಲದ ಆ ತುದಿಯೊಳಗೆ 19 ಪಿನ್ನುಗಳಿವೆ. ಚಿತ್ರ, ಧ್ವನಿ ಎರಡೂ ಅದರಲ್ಲೇ ಸಾಗುತ್ತವೆ. ಆದರೆ ಅದನ್ನು ಹಿಡಿದಿಡಲು ತಿರುಪೂ ಇಲ್ಲ, ಚಿಲಕವೂ ಇಲ್ಲ. ಕಂಪ್ಯೂಟರಿನ ಹಳೆಯ ವಿಜಿಎ ಕೇಬಲ್ಲಿಗೆ ಎರಡು ಬದಿಗೂ ತಿರುಪುಗಳಿದ್ದವು. ಟಿವಿ ಸ್ಟುಡಿಯೋಗಳಲ್ಲಿ ಬಳಸುವ ಬಿಎನ್‌ಸಿ ತುದಿಯನ್ನು ಒಳಗಿಟ್ಟು ಕಾಲು ಸುತ್ತು ತಿರುಗಿಸಿದರೆ ಅದು ಕಚ್ಚಿಕೊಳ್ಳುತ್ತದೆ. ಮನೆಯ ಎಚ್‌ಡಿಎಂಐ ತುದಿ ಮಾತ್ರ ಕಿಂಡಿಯ ಲೋಹದ ಸಣ್ಣ ಸ್ಪ್ರಿಂಗುಗಳ ಒತ್ತಡದಿಂದಲೇ ನಿಲ್ಲಬೇಕು.

ಇದು ಸಡಿಲಾದಾಗ ಚುಕ್ಕೆಗಳ ಮಳೆಯ ಎಚ್ಚರಿಕೆ ಇರುವುದಿಲ್ಲ. 19ನೆಯ ಪಿನ್ನಿನ ಕೆಲಸ, ಎರಡು ಯಂತ್ರಗಳು ಕೂಡಿವೆ ಎಂಬ ಸುದ್ದಿ ಮುಟ್ಟಿಸುವುದು. ಅದೊಂದರ ಸಂಪರ್ಕ ತಪ್ಪಿದರೂ ಸಾಕು, ಉಳಿದ ಪಿನ್ನುಗಳು ಸರಿಯಾಗಿಯೇ ಇದ್ದರೂ ಪರದೆ ಕಪ್ಪಾಗುತ್ತದೆ. ಕೆಲವೊಮ್ಮೆ ಸಂಪರ್ಕ ಕ್ಷಣಮಾತ್ರ ತಪ್ಪಿ ಮತ್ತೆ ಕೂಡುತ್ತದೆ. ಆಗ ಟಿವಿ ಮತ್ತು ಬಾಕ್ಸ್ ಮೊದಲಿನಿಂದ ಪರಸ್ಪರ ಗುರುತು ಹಿಡಿಯಬೇಕಾಗಿ ಬಂದು, ನಾಲ್ಕಾರು ಕ್ಷಣ ಕತ್ತಲೆಯಾಗಿ ಚಿತ್ರ ಮರಳುತ್ತದೆ. ನಿಮ್ಮ ಟಿವಿ ಹೀಗೆ ಆಗಾಗ ಕಣ್ಣು ಮಿಟುಕಿಸುತ್ತಿದ್ದರೆ ಮೊದಲು ಕೇಬಲ್ಲಿನ ಎರಡೂ ತುದಿಗಳನ್ನು ನೋಡಿರಿ. ಮಳೆಯನ್ನೂ ಕೇಬಲ್ಲಿನ ಹುಡುಗನನ್ನೂ ಬೈಯುವುದನ್ನು ಆಮೇಲೆ ಇಟ್ಟುಕೊಳ್ಳಬಹುದು.

ಒಂಟಿಯಾಗಿ ವಾಸಿಸುವ ಒಬ್ಬ ಅಜ್ಜಿಯ ಮನೆಯ ಸಂಗತಿ ಹೇಳುತ್ತೇನೆ. ಕೊಲ್ಲಿ ದೇಶದಲ್ಲಿ ದುಡಿಯುವ ಮಗ ರಜೆಗೆ ಬಂದಾಗ ದೊಡ್ಡ ಟಿವಿ ತಂದು ಗೋಡೆಗೆ ಹಾಕಿಸಿ ಹೋಗಿದ್ದ. 2020ರಲ್ಲಿ ದೇವಾಲಯಗಳ ಬಾಗಿಲು ಮುಚ್ಚಿದ್ದಾಗ ಟಿವಿಯಲ್ಲಿ ಬಲಿಪೂಜೆ ನೋಡುವ ಅಭ್ಯಾಸವಾದ ಈ ತಾಯಿ, ಬಾಗಿಲು ತೆರೆದ ಮೇಲೂ ಮಂಡಿನೋವಿನಿಂದಾಗಿ ಅದನ್ನೇ ಆಶ್ರಯಿಸಿದ್ದರು. ನಾನು ಹೋದ ದಿನ ಪರದೆ ಕಪ್ಪಾಗಿತ್ತು, ಮೂಲೆಯಲ್ಲಿ ಇಂಗ್ಲಿಷಿನಲ್ಲಿ 'ನೋ ಸಿಗ್ನಲ್' ಎಂಬ ಬರಹ. ಎಷ್ಟು ದಿನವಾಯಿತೆಂದು ಕೇಳಿದೆ. ಮೂರು ವಾರವಂತೆ. ಮಗನಿಗೆ ಏಕೆ ಹೇಳಲಿಲ್ಲ ಎಂದರೆ, "ಅಷ್ಟು ದುಡ್ಡು ಕೊಟ್ಟು ತಂದವ್ನೆ ಸ್ವಾಮೀ. ನಾನೇ ಏನೋ ಒತ್ತಿ ಕೆಡಿಸ್ಬಿಟ್ಟೆ ಅಂತ ನೊಂದ್ಕೊಂಡಾನು" ಎಂದರು. ಆ ಮೂರು ವಾರವೂ ಅವರು ಬೆಳಗಿನ ಬಲಿಪೂಜೆಯ ಹೊತ್ತಿಗೆ ಸರಿಯಾಗಿ ಟಿವಿ ಹಾಕಿ, ಆ ಕಪ್ಪು ಪರದೆಯ ಮುಂದೆಯೇ ಕುಳಿತು ಜಪಸರ ಹೇಳಿ ಏಳುತ್ತಿದ್ದರು.

ಅವರು ಯಾವುದನ್ನೂ ಒತ್ತಿ ಕೆಡಿಸಿರಲಿಲ್ಲ. ಟಿವಿಯನ್ನು ಗೋಡೆಗೆ ಹಾಕಿದವರು ಸೆಟ್‌ಟಾಪ್ ಬಾಕ್ಸಿಗೆ ಹಲಗೆ ಹೊಡೆದಿರಲಿಲ್ಲ. ಬಾಕ್ಸು ಎಚ್‌ಡಿಎಂಐ ಕೇಬಲ್ಲಿಗೇ ನೇತುಬಿದ್ದು ಗಾಳಿಗೆ ಓಲಾಡುತ್ತಿತ್ತು. ದಿನದಿನಕ್ಕೂ ಅದರ ತೂಕ ತುದಿಯನ್ನು ಕೆಳಕ್ಕೆ ಜಗ್ಗಿ ಜಗ್ಗಿ ಹೊರಕ್ಕೆ ಎಳೆದಿತ್ತು. ಒಂದು ಸ್ಟೂಲನ್ನು ಗೋಡೆಗೆ ಒತ್ತಿಟ್ಟು, ಬಾಕ್ಸನ್ನು ಅದರ ಮೇಲಿರಿಸಿ, ತುದಿಯನ್ನು ನೇರವಾಗಿ ಒಳಕ್ಕೆ ಒತ್ತಿದೆ. ಚಿತ್ರ ಬಂತು. ಬಳಿಕ ಕೇಬಲ್ಲನ್ನು ಕಿಂಡಿಯಿಂದ ಒಂದು ಗೇಣು ದೂರದಲ್ಲಿ, ಗೋಡೆಯ ಬ್ರಾಕೆಟ್ಟಿಗೆ ಹಳೆಯ ಬಟ್ಟೆಯ ಪಟ್ಟಿಯಿಂದ ಕಟ್ಟಿದೆ. ಎರಡರ ನಡುವೆ ಕೇಬಲ್ ಸ್ವಲ್ಪ ಸಡಿಲವಾಗಿ ಬಾಗಿ ನಿಲ್ಲುವಂತೆ ಬಿಟ್ಟೆ.

ಈ ಕಟ್ಟುವಿಕೆಯೇ ಮುಖ್ಯ ವಿಷಯ. ಕೇಬಲ್ಲಿನ ತುದಿ ಇರುವುದು ಚಿತ್ರವನ್ನು ದಾಟಿಸಲು, ತೂಕ ಹೊರಲು ಅಲ್ಲ. ತೂಕವನ್ನು ಗೋಡೆಗೋ ಬ್ರಾಕೆಟ್ಟಿಗೋ ಹಲಗೆಗೋ ಒಪ್ಪಿಸಿದರೆ ತುದಿ ತಾನಾಗಿ ತನ್ನ ಜಾಗದಲ್ಲಿ ಉಳಿಯುತ್ತದೆ. ಕೇಬಲ್ಲನ್ನು ತಂತಿವಾದ್ಯದ ತಂತಿಯಂತೆ ಬಿಗಿಯಾಗಿ ಎಳೆದು ಕಟ್ಟುವುದೂ ಅಪಾಯವೇ. ಟಿವಿಯನ್ನು ಸ್ವಲ್ಪ ಓರೆ ಮಾಡಿದರೂ ಆ ಎಳೆತವೆಲ್ಲ ಕಿಂಡಿಯ ಮೇಲೆ ಬೀಳುತ್ತದೆ. ಕೇಬಲ್ ಹಾಳಾದರೆ ಹೊಸದು ಅಗ್ಗಕ್ಕೆ ಸಿಗುತ್ತದೆ. ಕಿಂಡಿಯಾದರೋ ಟಿವಿಯೊಳಗಿನ ಬೋರ್ಡಿಗೆ ಬೆಸೆದದ್ದು. ಅದರ ಬೆಸುಗೆ ಬಿಟ್ಟರೆ ಅನೇಕ ವೇಳೆ ಬೋರ್ಡನ್ನೇ ಬದಲಿಸಬೇಕಾಗುತ್ತದೆ.

ಭದ್ರ ಮಾಡುತ್ತೇವೆಂದು ಜನ ಮಾಡುವ ಸಾಹಸಗಳನ್ನೂ ಕಂಡಿದ್ದೇನೆ. ತುದಿಯ ಸುತ್ತ ಕಾಗದ ತುರುಕುವವರಿದ್ದಾರೆ, ಟೇಪು ಸುತ್ತುವವರಿದ್ದಾರೆ. ಒಂದು ಮನೆಯಲ್ಲಿ ಅಂಟು ಸುರಿದು ಕೂರಿಸಿದ್ದರು. ಮನೆ ಬದಲಿಸುವಾಗ ಕೇಬಲ್ ಎಳೆದರೆ ಕಿಂಡಿಯೂ ಅದರ ಜೊತೆಗೇ ಬಂತು. ಕೇಬಲ್ ಸುಲಭವಾಗಿ ಕಳಚುವುದರಲ್ಲಿ ಒಂದು ಅನುಕೂಲವೂ ಇದೆ. ಓಡಾಡುವ ಮಗು ಅದಕ್ಕೆ ಎಡವಿದರೆ ಟಿವಿ ಮಗುವಿನ ಮೇಲೆ ಉರುಳುವ ಬದಲು ತುದಿ ಕಳಚಿಕೊಳ್ಳಲಿ ಎಂದೇ ನಾನು ಬಯಸುತ್ತೇನೆ. ಇನ್ನು ಚಿನ್ನದ ಲೇಪದ ದುಬಾರಿ ಕೇಬಲ್ಲು. ಚಿನ್ನ ತುಕ್ಕು ಹಿಡಿಯದೆಂಬುದು ನಿಜ, ಆದರೆ ಅದರಿಂದ ಹಿಡಿತವೇನೂ ಹೆಚ್ಚುವುದಿಲ್ಲ. ದಪ್ಪ, ಗಡಸು ಕೇಬಲ್ಲು ತನ್ನ ತೂಕದಿಂದಲೇ ತುದಿಯನ್ನು ಜಗ್ಗುತ್ತದೆ. ತೆಳುವಾದ, ಸುಲಭವಾಗಿ ಬಾಗುವ, ಬೇಕಾದಷ್ಟೇ ಉದ್ದದ ಸಾಧಾರಣ ಕೇಬಲ್ಲೇ ಮನೆಗೆ ಮೇಲು.

ಬಡಗಿಗಳ ಬಗ್ಗೆಯೂ ನನಗೊಂದು ತಕರಾರಿದೆ. ಟಿವಿಯನ್ನು ಗೋಡೆಗೆ ಅಂಟಿದಂತೆ ಕೂರಿಸಿ, ಹಿಂದೆ ಎರಡು ಬೆರಳಿನ ಜಾಗವನ್ನೂ ಬಿಡದಿದ್ದರೆ ಕೇಬಲ್ಲು ತುದಿಯಲ್ಲೇ ಮಡಚಿಕೊಳ್ಳಬೇಕು. ಅಂತಹ ಕಡೆ ಇಂಗ್ಲಿಷಿನ 'ಎಲ್' ಅಕ್ಷರದಂತೆ ಬಾಗಿದ ತುದಿಗಳು ಸಿಗುತ್ತವೆ. ಅವುಗಳಲ್ಲಿ ಮೇಲ್ಮುಖ, ಕೆಳಮುಖ ಮುಂತಾದ ಬಗೆಗಳಿರುವುದರಿಂದ ನಿಮ್ಮ ಕಿಂಡಿ ಯಾವ ಕಡೆಗಿದೆ ಎಂದು ನೋಡಿಕೊಂಡು ಕೊಳ್ಳಬೇಕು.

ಮಲೆನಾಡಿನಲ್ಲೂ ಕರಾವಳಿಯಲ್ಲೂ ಏಪ್ರಿಲ್, ಮೇ ತಿಂಗಳ ಗುಡುಗು ಶುರುವಾಯಿತೆಂದರೆ ಟಿವಿಯ ತಂತಿಗಳನ್ನೆಲ್ಲ ಕೀಳುವುದು ವಾಡಿಕೆ. ಒಳ್ಳೆಯ ವಾಡಿಕೆಯೇ. ಆದರೆ ಎಚ್‌ಡಿಎಂಐ ಕೇಬಲ್ಲನ್ನೂ ಪ್ರತಿದಿನ ಕಿತ್ತು ಕಿತ್ತು ಹಾಕಬೇಕಾಗಿಲ್ಲ. ಸಿಡಿಲಿನ ಹೊಡೆತ ಒಳಬರುವುದು ಮುಖ್ಯವಾಗಿ ವಿದ್ಯುತ್ ತಂತಿಯಿಂದ, ಡಿಶ್ ಅಥವಾ ಕೇಬಲ್ಲಿನವರ ತಂತಿಯಿಂದ ಮತ್ತು ಅಂತರ್ಜಾಲದ ತಂತಿಯಿದ್ದರೆ ಅದರಿಂದ. ಟಿವಿ ಮತ್ತು ಬಾಕ್ಸುಗಳ ವಿದ್ಯುತ್ ಪ್ಲಗ್ಗುಗಳನ್ನೂ ಹೊರಗಿನಿಂದ ಬರುವ ತಂತಿಗಳನ್ನೂ ಬಿಡಿಸಿದರೆ, ಟಿವಿ-ಬಾಕ್ಸುಗಳ ನಡುವಿನ ಕೇಬಲ್ ಇದ್ದಲ್ಲೇ ಇರಬಹುದು. ಬಿಡಿಸುವುದನ್ನು ಗುಡುಗು ಹತ್ತಿರ ಬರುವ ಮೊದಲೇ ಮಾಡಿರಿ. ಸಿಡಿಲು ತಲೆಯ ಮೇಲೆ ಬಂದಾಗ ತಂತಿ ಮುಟ್ಟಲು ಹೋಗಬೇಡಿರಿ.

ಡಿಶ್ ತಂತಿಯ ತುದಿ ಮಾತ್ರ ತಿರುಪಿನದು. ಅದರ ನಡುವಿನ ಪಿನ್ನು ಬೇರೇನಲ್ಲ, ಆ ತಂತಿಯದೇ ತಾಮ್ರದ ಎಳೆ. ಆದ್ದರಿಂದ ತಂತಿಯನ್ನು ಅಲುಗಾಡದಂತೆ ಹಿಡಿದು ಹೊರಗಿನ ನಟ್ಟನ್ನಷ್ಟೇ ತಿರುಗಿಸಬೇಕು. ತಂತಿಯನ್ನೇ ತಿರುಚಿದರೆ ಎಳೆ ಬಾಗುತ್ತದೆ ಇಲ್ಲವೆ ತುಂಡಾಗುತ್ತದೆ. ಬಾಕ್ಸಿನ ಹಿಂದೆ ಬೆರಳಿನ ಬಿಗಿ ಸಾಕು, ಇಕ್ಕಳ ಬೇಡ. ಹೊರಗಡೆಯ ತಂತಿ ಗೋಡೆಯ ತೂತನ್ನು ಹೊಗುವ ಮೊದಲು ಕೆಳಕ್ಕೆ ಒಂದು ಬಳಸು ಇಳಿದು ಮೇಲೇರುವಂತಿರಲಿ. ಮಳೆಯ ನೀರು ಆ ಬಳಸಿನ ಬುಡದಲ್ಲೇ ತೊಟ್ಟಿಕ್ಕುತ್ತದೆ, ತಂತಿಯ ಮೇಲೆ ಹರಿದು ಮನೆಯೊಳಗೆ ಬರುವುದಿಲ್ಲ.

ಹಬ್ಬಕ್ಕೆ ಊರಿಗೆ ಹೋಗುವ ಮಕ್ಕಳಲ್ಲಿ ನನ್ನದೊಂದು ಕೋರಿಕೆ. ತಾಯ್ತಂದೆಯರಿಗೆ ಹೊಸ ಟಿವಿ ಕೊಡಿಸುವುದು ಒಳ್ಳೆಯದು. ಕೊಡಿಸಿದ ಮೇಲೆ ಒಂದರ್ಧ ಗಂಟೆ ಅದರ ಹಿಂದೆಯೂ ನಿಲ್ಲಿರಿ. ಬಾಕ್ಸಿಗೊಂದು ಹಲಗೆ ಹೊಡೆಯಿರಿ, ಕೇಬಲ್ಲು ಕಟ್ಟಿರಿ, ಒಣ ಕುಂಚದಿಂದ ಧೂಳು ತೆಗೆಯಿರಿ. ಟಿವಿಯಲ್ಲಿ ಎರಡು ಮೂರು ಎಚ್‌ಡಿಎಂಐ ಕಿಂಡಿಗಳಿರುತ್ತವೆ. ಬಾಕ್ಸನ್ನು ಯಾವುದಕ್ಕೆ ಸೇರಿಸಿದ್ದೀರೆಂಬುದನ್ನು ಒಂದು ಚೀಟಿಯಲ್ಲಿ ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆದು ರಿಮೋಟಿನ ಬೆನ್ನಿಗೆ ಅಂಟಿಸಿರಿ. ಅದರ ಕೆಳಗೆ, ಪರದೆ ಕಪ್ಪಾದರೆ ಕೂಡಲೇ ಫೋನ್ ಮಾಡಬೇಕೆಂದೂ ನಿಮ್ಮ ಫೋನ್ ನಂಬರನ್ನೂ ಬರೆಯಿರಿ.