ಎದುರಾಳಿ ಬೇಕಾಗಿದ್ದಾರೆ

ವರ್ಷಕ್ಕೆ ಒಂದು ಮ್ಯಾಚು. ನಮ್ಮ ಫುಟ್‌ಬಾಲ್ ಟೀಮಿನ ಚರಿತ್ರೆ ಇಷ್ಟೇ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನ 3-2ರಿಂದ ಸೋಲಿಸಿ ಕರ್ನಾಟಕ 54 ವರ್ಷದ ನಂತರ ಸಂತೋಷ್ ಟ್ರೋಫಿ ಗೆದ್ದಿತಲ್ಲ, ಆ ಹುಮ್ಮಸ್ಸಿನಲ್ಲಿ ಹಾಸ್ಟೆಲ್ ಕಾರಿಡಾರಿನಲ್ಲಿ ಹುಟ್ಟಿದ ಟೀಮು ಇದು. ಆದರೆ ನಾವು ಹೋಗೋ ಟೂರ್ನಿ ನಾಕೌಟ್. ಸೋತವರು ಅದೇ ಸಂಜೆ ಬ್ಯಾಗ್ ಹೊತ್ಕೊಂಡು ವಾಪಸ್. ಮೊದಲ ವರ್ಷ 4-0, ಮರುವರ್ಷ 3-0. ಸುಧಾರಿಸಿದ್ದೇವೆ ಅಂತ ನಾವೇ ಹೇಳಿಕೊಂಡ್ವಿ. ಬೇರೆ ಯಾರು ಹೇಳ್ತಾರೆ?

ಉಳಿದ ದಿನವೆಲ್ಲ ನಮ್ಮ ನಮ್ಮಲ್ಲೇ ಆಟ. ನಮ್ಮ ಸ್ಟ್ರೈಕರ್ ಯಾವಾಗಲೂ ಎಡಕ್ಕೇ ತಿರುಗ್ತಾನೆ ಅಂತ ಗೋಲ್‌ಕೀಪರ್‌ಗೆ ಗೊತ್ತು. ಅವನು ಒದೆಯೋಕೆ ಮುಂಚೆಯೇ ಇವನು ಹಾರಿರ್ತಾನೆ. ಪ್ರಾಕ್ಟೀಸಿನಲ್ಲಿ ಎಲ್ಲಾ ಬಾಲೂ ಹಿಡಿದವನು ಟೂರ್ನಿಯಲ್ಲಿ ನಾಲ್ಕು ಬಿಟ್ಟ. ಅದು ಕೀಪಿಂಗ್ ಆಗಿರಲಿಲ್ಲ, ಬಾಯಿಪಾಠ ಆಗಿತ್ತು. ಪರೀಕ್ಷೆ ಹಾಲ್‌ನಲ್ಲಿ ಪ್ರಶ್ನೆ ಸ್ವಲ್ಪ ತಿರುಚಿ ಬಂದರೆ ನಮಗೆಲ್ಲ ಏನಾಗುತ್ತೋ ಅದೇ.

ಟೂರ್ನಿ ಬಿಟ್ಟು ಹೊರಗೆ ಸ್ನೇಹಪರ ಪಂದ್ಯ ಆಡಬೇಕು ಅಂತ ತೀರ್ಮಾನ ಮಾಡಿದ್ವಿ. ಅಮೆರಿಕದ ಕಾಲೇಜುಗಳಲ್ಲಿ ಇದಕ್ಕೊಂದು ವ್ಯವಸ್ಥೆಯೇ ಇದೆ. ಅಲ್ಲಿ ಕಾಲೇಜುಗಳು ಕಾನ್ಫರೆನ್ಸ್ ಅನ್ನೋ ಗುಂಪುಗಳಲ್ಲಿರುತ್ತವೆ. ಆಗಸ್ಟ್ ಕೊನೆಗೆ ಸೀಸನ್ ಶುರುವಾದಾಗ ಮೊದಲು ಹೆಚ್ಚಾಗಿ ಗುಂಪಿನ ಹೊರಗಿನವರ ಜೊತೆ ಆಟ, ಆ ಎದುರಾಳಿಗಳನ್ನ ಕಾಲೇಜೇ ಆರಿಸಿಕೊಳ್ಳಬೇಕು. ಆದರೆ ಆರ್‌ಪಿಐ ಅಂತ ಒಂದು ಲೆಕ್ಕ ಬಹಳ ಕಾಲ ಬಳಸಿದ್ದಾರೆ. ಅದರಲ್ಲಿ ನಿಮ್ಮ ಗೆಲುವಿಗೆ 25%, ಎದುರಾಳಿಗಳ ಗೆಲುವಿಗೆ 50%, ಎದುರಾಳಿಗಳ ಎದುರಾಳಿಗಳಿಗೆ ಮತ್ತೆ 25% ತೂಕ. ಅಂದರೆ ಪಕ್ಕದ ಊರಿನ ಸಣ್ಣ ಕಾಲೇಜನ್ನ ಕರೆದು ಗೆದ್ದರೂ ನಿಮ್ಮ ಅಂಕ ಇಳಿಯಬಹುದು. ಪಕ್ಕದವರ ಜೊತೆ ಆಡೋಕೆ ಹಿಂದೆಮುಂದೆ ನೋಡೋದಕ್ಕೆ ಅವರಿಗೆ ಒಂದು ಫಾರ್ಮುಲಾನಾದರೂ ಇತ್ತು. ನಮಗೆ ಬರೀ ಜಂಬ ಇತ್ತು.

ಯಾಕಂದ್ರೆ ನಾವು ಮೊದಲು ಫೋನ್ ಮಾಡಿದ್ದು ಹುಬ್ಬಳ್ಳಿ-ಧಾರವಾಡದ ದೊಡ್ಡ ಹೆಸರುಗಳಿಗೆ. ಕೆಲವರು ಉತ್ತರವನ್ನೇ ಕೊಡಲಿಲ್ಲ. ಒಂದು ಕಾಲೇಜಿನವರು ಎರಡು ಸಲ ಒಪ್ಪಿಕೊಂಡು ಎರಡು ಸಲವೂ ಬರಲಿಲ್ಲ. ಎರಡನೇ ಸಲ ಸುಣ್ಣದ ಗೆರೆ ಹಾಕಿ, ಜರ್ಸಿ ಹಾಕ್ಕೊಂಡು ನಾಲ್ಕರಿಂದ ಆರೂವರೆ ತನಕ ಗೇಟಿನ ಕಡೆ ನೋಡ್ತಾ ಕೂತಿದ್ವಿ. ಮಾರನೇ ದಿನ ಪ್ರಾಕ್ಟೀಸಿಗೆ ಬಂದವರು ಹನ್ನೆರಡು ಜನ. ಅವರಲ್ಲಿ ಐವರು ಫೈನಲ್ ಇಯರ್. ಮ್ಯಾಚೇ ಆಡದ ಟೀಮಿಗೆ ಜೂನಿಯರ್ಸ್ ಯಾಕೆ ಬರ್ತಾರೆ? ಇನ್ನೊಂದು ವರ್ಷಕ್ಕೆ ಟೀಮೇ ಇರಲ್ಲ ಅನ್ನೋದು ಅವತ್ತು ಎಲ್ಲರಿಗೂ ಗೊತ್ತಾಯ್ತು, ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಗೋಲ್‌ಕೀಪರ್ ಅಂದ: "ನಮ್ಮೂರಿಗೆ ಬರ್ರಿ. ಹುಡುಗರು ಅದಾರ."

ಅವನ ಊರು ನರಗುಂದ ತಾಲ್ಲೂಕಿನ ಚಿಕ್ಕನರಗುಂದ. ಅವರು ಕಬಡ್ಡಿ ಆಡೋರು ಅಂತ ನಾವು ನಕ್ವಿ. ಅವನು ನಗಲಿಲ್ಲ. "ದೊಡ್ಡ ಕಾಲೇಜಿನ ಮುಂದ ಸೋತ್ರ ನಡೀತದ, ನಮ್ಮೂರ ಮುಂದ ಸೋತ್ರ ಮರ್ಯಾದಿ ಹೋಗ್ತದೇನು?" ಅಂದ. ಉತ್ತರ ಇರಲಿಲ್ಲ.

ತಾರೀಖು ಹೊಂದಿಸೋದೇ ದೊಡ್ಡ ಕೆಲಸ ಆಯ್ತು. ನಮ್ಮ ಕಡೆ ಇಂಟರ್ನಲ್ಸ್, ಲ್ಯಾಬು, ಫೆಸ್ಟು. ಎಲ್ಲಾ ಎಕ್ಸೆಲ್ ಶೀಟಿನಲ್ಲಿತ್ತು. ಅವರ ಕಡೆ ಎರೆಭೂಮಿ. ಮುಂಗಾರಿನ ಹೆಸರು ಮುಗಿದ ಮೇಲೆ ಹಿಂಗಾರಿಗೆ ಜೋಳ, ಕಡಲೆ ಬಿತ್ತಬೇಕು. ಮಳೆ ಬಿದ್ದರೆ ಆ ಮಣ್ಣು ಬೂಟಿಗೆ ಹತ್ತಿ ಒಂದೊಂದು ಕಾಲು ಎರಡೆರಡು ಕೆಜಿ ಆಗುತ್ತೆ. ಬೇಸಿಗೆಯಲ್ಲಿ ಪಾದ ಹೋಗುವಷ್ಟು ಬಿರುಕು ಬಿಡುತ್ತೆ. ಅಕ್ಟೋಬರಿನ ಒಂದು ಭಾನುವಾರ ನಿಗದಿ ಮಾಡಿದ್ವಿ. ಶುಕ್ರವಾರ ಅಲ್ಲಿಂದ ಫೋನ್ ಬಂತು: "ಹದ ಬಂದೈತ್ರಿ, ಬಿತ್ತಾಕ ಹೋಗ್ತೀವಿ. ಈ ರವಿವಾರ ಆಗಂಗಿಲ್ಲ." ಇವರೂ ಹಂಗೇ ಅಂತ ನಾವು ಸಿಟ್ಟಾದ್ವಿ. ಆಮೇಲೆ ಹೊಳೀತು, ಇವರು ಎರಡು ದಿನ ಮೊದಲೇ ಹೇಳಿದ್ದಾರೆ. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಪೇಪರಿನಲ್ಲಿ ಕ್ರಿಟಿಕಲ್ ಪಾತ್ ಬರೆದು ಪೂರ್ತಿ ಮಾರ್ಕ್ಸ್ ತಗೊಂಡವರು ನಾವು. ಅದರಲ್ಲಿ ಹದ ಅನ್ನೋ ಕಾಲಂ ಇರಲಿಲ್ಲ.

ಕೊನೆಗೆ ಸಿಕ್ಕಿದ್ದು ನವೆಂಬರಿನ ಒಂದು ಭಾನುವಾರ. ಅವರ ಬಿತ್ತನೆ ಮುಗಿದಿತ್ತು, ನಮ್ಮ ಇಂಟರ್ನಲ್ಸಿಗೆ ನಾಲ್ಕು ದಿನ ಇತ್ತು. ಬೆಳಿಗ್ಗೆ ಹುಬ್ಬಳ್ಳಿಯಲ್ಲಿ ಬಸ್ ಹತ್ತಿ ನವಲಗುಂದ ದಾಟಿ, ಬಯಲಿನಲ್ಲಿ ಒಂಟಿಯಾಗಿ ಎದ್ದಿರೋ ನರಗುಂದದ ಗುಡ್ಡ ನೋಡ್ತಾ ಇಳಿದ್ವಿ. ಅಲ್ಲಿಂದ ಟಂಟಂ. ಹದಿಮೂರು ಜನ, ಒಂದು ಬಾಲು.

ಶಾಲೆ ಗ್ರೌಂಡಿನಲ್ಲಿ ಬಿದಿರಿನ ಗೋಲ್‌ಪೋಸ್ಟ್ ಕಟ್ಟಿದ್ದರು. ಅರ್ಧ ಜನಕ್ಕೆ ಬರಿಗಾಲು. ಆಫ್‌ಸೈಡ್ ಬಗ್ಗೆ ಆಟಕ್ಕೆ ಮುಂಚೆಯೇ ಒಪ್ಪಂದ ಆಯ್ತು: ಇಲ್ಲ. ಗೋಲ್‌ಕೀಪರ್ ನಮ್ಮ ಕಡೆ, ಅವನ ತಮ್ಮ ಅವರ ಕಡೆ, ಅವರವ್ವ ಎರಡೂ ಕಡೆ.

ಹತ್ತನೇ ನಿಮಿಷಕ್ಕೆ ಸ್ಟ್ರೈಕರ್ ಎಡಕ್ಕೆ ತಿರುಗಿ ಒದ್ದ. ಗೋಲ್! ಅಲ್ಲಿ ಯಾರಿಗೂ ಅವನ ಅಭ್ಯಾಸ ಗೊತ್ತಿರಲಿಲ್ಲವಲ್ಲ. ಬೇರೆಯವರ ವಿರುದ್ಧ ನಮ್ಮ ಮೊದಲ ಗೋಲು ಅದು. ಖುಷಿ ಹೇಗೆ ಪಡಬೇಕು ಅಂತ ಗೊತ್ತಾಗದೆ ಅವನು ಎದುರಾಳಿ ಡಿಫೆಂಡರನ್ನೇ ಅಪ್ಪಿಕೊಂಡ. ಆದರೆ ಕಬಡ್ಡಿ ಆಡೋರು ರೈಡರ್‌ನ ಸೊಂಟ ನೋಡಿ ದಿಕ್ಕು ಹೇಳ್ತಾರೆ. ಇಪ್ಪತ್ತು ನಿಮಿಷದಲ್ಲಿ ಇವನ ಎಡದ ದಾರಿ ಬಂದ್. ಎರಡನೇ ಹಾಫಿನಲ್ಲಿ ನಾಲ್ಕು ಸಲ ಬಾಲ್ ಕಳ್ಕೊಂಡು, ಐದನೇ ಸಲ ಬೇರೆ ದಾರಿ ಇಲ್ಲದೆ ಬಲಕ್ಕೆ ತಿರುಗಿದ. ಎರಡು ವರ್ಷದಲ್ಲಿ ನಾವು ಅದನ್ನ ನೋಡಿದ್ದು ಮೊದಲ ಸಲ. ಅದೂ ಗೋಲಾಯ್ತು.

ಸೋತಿದ್ದು ಮಾತ್ರ 3-2ರಿಂದ. ಮೂರನೆಯದು ಕೀಪರ್‌ನ ತಮ್ಮನೇ ಹೊಡೆದದ್ದು. ಊಟಕ್ಕೆ ಕೂತಾಗ ಖಡಕ್ ರೊಟ್ಟಿ, ಕಾಳುಪಲ್ಯ, ಶೇಂಗಾ ಚಟ್ನಿ. ನಡುವೆ ಅವರ ಕ್ಯಾಪ್ಟನ್ ಕೇಳಿದ: "ನಿಮ್ಮ ಗ್ರೌಂಡಿಗೆ ನಾವು ಯಾವಾಗ ಬರೂಣ್ರಿ?"

ಅಲ್ಲೇ ಸಿಕ್ಕಿಹಾಕಿಕೊಂಡಿದ್ದೇವೆ. ಹೊರಗಿನ ಟೀಮು ಕ್ಯಾಂಪಸ್ಸಿಗೆ ಬರಬೇಕಾದರೆ ಅವರ ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ ಪತ್ರ ಬೇಕಂತೆ. ಊರಿಗೆ ಎಲ್ಲಿಯ ಲೆಟರ್‌ಹೆಡ್? ನಮ್ಮ ಅರ್ಜಿ ಒಂದು ಸಲ ವಾಪಸ್ ಬಂದಿದೆ. ಈಗ ಹದಿನೆಂಟು ಜನ ಸಹಿ ಹಾಕಿ ಮತ್ತೆ ಕೊಟ್ಟಿದ್ದೇವೆ. ಹೌದು, ಹದಿನೆಂಟು. ಆ ಭಾನುವಾರದ ವಿಡಿಯೊ ನೋಡಿ ಸೆಕೆಂಡ್ ಇಯರ್‌ನ ಆರು ಜನ ಬಂದಿದ್ದಾರೆ.

ಅವರು ಹೇಳಿರೋದು ಫೆಬ್ರುವರಿ ಕೊನೆ, ಕಡಲೆ ರಾಶಿ ಆದ ಮೇಲೆ. ಶೀಟಿನಲ್ಲಿ ಹದಕ್ಕೊಂದು ಕಾಲಂ ಸೇರಿಸಿ ಎರಡು ಭಾನುವಾರ ಖಾಲಿ ಇಟ್ಟಿದ್ದೇವೆ. ಪ್ರಾಕ್ಟೀಸ್ ಸಂಜೆ ಐದಕ್ಕೆ. ಬೂಟು ಇಲ್ಲದಿದ್ದರೂ ಬನ್ನಿ.